ಒಂಬತ್ತು ಸೊನ್ನೆ

ಡಾಕ್ಟರ್ ಕೀರ್ತನ ಮೇಡಂ ಕಂಪ್ಯೂಟರಿನ ಪರದೆಯನ್ನು ತಿರುಗಿಸಿ ತೋರಿಸಿದಾಗ ಸಂಘಮಿತ್ರ ಮೊದಲು ನೋಡಿದ್ದು ಎದೆಬಡಿತದ ಗೆರೆಯನ್ನಲ್ಲ, ಮೇಲಿನ ಮೂಲೆಯಲ್ಲಿದ್ದ ಹೆಸರನ್ನು. ಅಂಜಿನಮ್ಮ, ಅರವತ್ತೆರಡು ವರ್ಷ, ಕುಂದಾಣ ಹೋಬಳಿ. ಈ ಹೆಸರು ಎಂದಾದರೊಂದು ದಿನ ಎದುರಿಗೆ ಬಂದೇ ಬರುತ್ತದೆಂದು ಹದಿನೈದು ದಿನದಿಂದ ಕಾಯುತ್ತಲೇ ಇದ್ದಳು. ಕಿಟಕಿಯಾಚೆ ದೊಡ್ಡಬಳ್ಳಾಪುರದ ಮಗ್ಗಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಈ ಆಫೀಸಿಗೆ ಸೇರಿದ ಮೊದಲ ವಾರ ಆ ಸದ್ದಿಗೆ ತಲೆ ಸಿಡಿಯುತ್ತಿತ್ತು, ಈಗ ಕರೆಂಟು ಹೋಗಿ ಸದ್ದು ನಿಂತರೆ ಮಾತ್ರ ಕೇಳಿಸುತ್ತಿತ್ತು. ಮೇಡಂ ಗೆರೆಯ ಮೇಲೆ ಪೆನ್ನಿನ ಹಿಂಬದಿ ಇಟ್ಟು ತೋರಿಸಿದರು. ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಎದೆಯ ಮೇಲೆ, ಹದಿನಾಲ್ಕು ದಿನ ಬಡಿತ ಬರೆದುಕೊಳ್ಳುವ ಪಟ್ಟಿ ಅಂಟಿಸಿದ್ದು. ಹನ್ನೆರಡೂವರೆಯ ತನಕ ಎಲ್ಲ ಸರಿಯಾಗಿದೆ. ಆಮೇಲೆ ಬಡಿತ ಹಾದಿ ತಪ್ಪಿದೆ, ಒಂದಕ್ಕೊಂದು ಲೆಕ್ಕವಿಲ್ಲದೆ, ನಿಮಿಷಕ್ಕೆ ನೂರ ಎಪ್ಪತ್ತರವರೆಗೂ. ಎದೆಯಲ್ಲಿ ಏನಾದರೂ ಆದಂತೆ ಅನ್ನಿಸಿದರೆ ಒತ್ತಿ ಎಂದು ಪಟ್ಟಿಯ ನಡುವೆ ಒಂದು ಗುಂಡಿ ಇರುತ್ತದೆ. ಅಂಜಿನಮ್ಮ ಅದನ್ನು ಒಂದು ಗಂಟೆಯ ಆಸುಪಾಸಿನಲ್ಲಿ ಐದು ಸಲ ಒತ್ತಿದ್ದಾಳೆ. ಒಂದು ಇಪ್ಪತ್ತಕ್ಕೆ ಗೆರೆ ಮುಗಿದುಹೋಗಿದೆ. ಮುಂದೆ ಹದಿನಾಲ್ಕು ದಿನವೂ ಬರೀ ಬಿಳಿ.

ಮೇಡಮ್ಮಿಗೆ ಬೇಜಾರಿಗಿಂತ ಉತ್ಸಾಹವೇ ಹೆಚ್ಚಾಗಿತ್ತು. ನಾಲ್ಕು ಡಾಕ್ಟರು ಗ್ಯಾಸು ಅಂದು ಕಳಿಸಿದ ಹೆಂಗಸು, ಇಸಿಜಿ ತೆಗೆದಾಗಲೆಲ್ಲ ನಾರ್ಮಲ್ಲು, ಎರಡು ಗಂಟೆಯ ಪಟ್ಟಿಯಲ್ಲಿ ಸಿಕ್ಕಿಬಿಟ್ಟಿದೆ ನೋಡು ಎಂದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಶುರು ಮಾಡಲೇಬೇಕು, ಸೋಮವಾರ ಕರೆಸು, ಇವತ್ತೇ ಹೋಗಿ ಹೊಸ ಪಟ್ಟಿ ಹಾಕಿ ಬಾ. ಅಷ್ಟು ಹೇಳಿ, ಹಳೆಯ ಪಟ್ಟಿಯ ಒಳಗೆಲ್ಲ ನೀರು ಹೋಗಿದೆಯಂತೆ, ನಾಲ್ಕು ಚೊಂಬು ಸುರಿದುಕೊಂಡರೆ ಹೀಗಾಗುವುದಿಲ್ಲವಂತೆ, ಪೂರ್ತಿ ಮುಳುಗಿಸಿದ ಹಾಗಿದೆ ಎಂದು ಕಂಪನಿಯವರು ಬರೆದಿದ್ದಾರೆ ಎಂದು ನಕ್ಕರು. ನಕ್ಕ ಮೇಲೆ ಇನ್ನೊಂದು ಹಾಳೆ ತೆರೆದರು. ಈ ಸಂಶೋಧನೆ ನಡೆಯುತ್ತಿದ್ದದ್ದೇ ಆ ಹಾಳೆಗಾಗಿ: ಎದೆಯ ಲಯ ತಪ್ಪಿದವರ ಮನಸ್ಸೂ ಕುಗ್ಗುತ್ತದೆಯೇ, ಮನಸ್ಸು ಕುಗ್ಗಿದವರ ಎದೆ ಹಾದಿ ತಪ್ಪುತ್ತದೆಯೇ. ಪಟ್ಟಿ ಹಾಕಿದ ದಿನವೇ ಒಂಬತ್ತು ಪ್ರಶ್ನೆ ಕೇಳಬೇಕು. ಒಂದೊಂದಕ್ಕೂ ಸೊನ್ನೆಯಿಂದ ಮೂರು. ಸೊನ್ನೆ ಅಂದರೆ ಒಂದು ದಿನವೂ ಹಾಗನ್ನಿಸಿಲ್ಲ, ಮೂರು ಅಂದರೆ ದಿನಾ ಅನ್ನಿಸುತ್ತದೆ. ಅಂಜಿನಮ್ಮನ ಹಾಳೆಯಲ್ಲಿ ಮೇಲಿನಿಂದ ಕೆಳಗೆ ಒಂಬತ್ತು ಸೊನ್ನೆಗಳಿದ್ದವು. ಮೇಡಂ ಅವನ್ನು ನೋಡಿ, "ಎದೆ ಇಷ್ಟು ಕೆಟ್ಟಿದ್ರೂ ಮನಸ್ಸು ಎಷ್ಟು ಆರಾಮಾಗಿದೆ ನೋಡು ಸಂಘಮಿತ್ರ. ಇಂಥವರ ಬಗ್ಗೆನೇ ನಾನು ಬರೀಬೇಕು" ಎಂದರು. ಸಂಘಮಿತ್ರ ಹೂಂ ಮೇಡಂ ಎಂದಳು.

ಹೂಂ ಎಂದ ಬಾಯನ್ನು ಮೆಟ್ಟಿಲಿಳಿಯುವಾಗ ಕೈಯಿಂದ ಒರೆಸಿಕೊಂಡಳು. ಆಗಲೇ ಹೇಳಬಹುದಿತ್ತು. ಮೇಡಂ, ಆ ಸೊನ್ನೆಗಳು ಅವರವಲ್ಲ, ನನ್ನವು. ಅಷ್ಟೇ ಮಾತು. ಆದರೆ ಅದರ ಹಿಂದೆಯೇ ಯಾಕೆ ಎಂಬುದು ಬರುತ್ತದೆ, ಯಾಕೆ ಎಂದರೆ ಆ ದಿನದ ಕಥೆಯನ್ನೆಲ್ಲ ಹೇಳಬೇಕು, ಹೇಳಿದರೆ ಮೇಡಮ್ಮಿನ ಮುಖದಲ್ಲಿ ಅಯ್ಯೋ ಪಾಪ ಎಂಬುದು ಮೂಡುತ್ತದೆ. ಕೆಲಸ ಹೋದರೆ ಹೋಗಲಿ, ಆ ಅಯ್ಯೋ ಪಾಪವನ್ನು ನೋಡಿಕೊಂಡು ನಿಲ್ಲುವುದು ತನ್ನಿಂದಾಗದು. ಬಸ್ ನಿಲ್ದಾಣದ ಕಡೆಗೆ ನಡೆಯುತ್ತ ಚೀಲದಲ್ಲಿದ್ದ ಹೊಸ ಪಟ್ಟಿಯ ಡಬ್ಬಿಯನ್ನು ಎರಡು ಸಲ ಮುಟ್ಟಿ ನೋಡಿಕೊಂಡಳು. ದೇವನಹಳ್ಳಿ ಕಡೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು.

ಹದಿನೈದು ದಿನದ ಹಿಂದೆ ಪಟ್ಟಿ ಹಾಕಿದ ದಿನ ಗುರುವಾರ. ಅಂಜಿನಮ್ಮನ ಮನೆಯ ಜಗಲಿಯ ಮೇಲೆ ಸೊಸೆ ದಿವ್ಯ ಪ್ಲಾಸ್ಟಿಕ್ ಕುರ್ಚಿ ಹಾಕಿ, ಯಾವೂರು ಎಂದು ಕೇಳಿದ್ದಳು. ಹೊಸಕೋಟೆ ಹತ್ತಿರ ಸಮೇತನಹಳ್ಳಿ ಎಂದಳು. ಹೆಸರು ಹೊಸ ಥರ ಇದೆಯಲ್ಲ, ಯಾರ ಪೈಕಿ ಎಂದು ಮತ್ತೆ ಕೇಳಿದಳು. ಬುದ್ಧನ ಕಡೆಯವರು ಎಂದು ಸಂಘಮಿತ್ರ ನಗುನಗುತ್ತಲೇ ಹೇಳಿದ್ದಳು. ಇದನ್ನು ನಗುತ್ತ ಹೇಳುವುದು ಅಪ್ಪ ವೆಂಕಟರಾಮಪ್ಪನಿಂದ ಕಲಿತದ್ದು. ದಿವ್ಯಳೂ ನಕ್ಕಳು, ಒಳಗೆ ಹೋದಳು, ಬರುವಾಗ ಕಾಫಿಯನ್ನು ಕಾಗದದ ಲೋಟದಲ್ಲಿ ತಂದಳು. ಅತ್ತೆಗೆ ಮಾತ್ರ ಸ್ಟೀಲಿನದು. ಯಾರೂ ಏನೂ ಅನ್ನಲಿಲ್ಲ. ಕಾಗದದ ಲೋಟ ಶುಚಿ ಎಂದು ವಾದಿಸಬಹುದು, ಈಗೆಲ್ಲ ಮದುವೆ ಮನೆಯಲ್ಲೂ ಅದೇ ಎನ್ನಬಹುದು. ಸಂಘಮಿತ್ರಳೇ ಆ ವಾದವನ್ನೆಲ್ಲ ತನಗೆ ತಾನೇ ಹೇಳಿಕೊಂಡು ಕಾಫಿ ಕುಡಿದಳು. ದಿವ್ಯ ದೇವನಹಳ್ಳಿಗೆ ಹೋಗುವುದಿತ್ತು, ಹೊರಟಳು. ಮಗ ದೇವರಾಜ್ ಡ್ಯೂಟಿಗೆ ಹೋಗಿದ್ದ. ಉಳಿದವರು ಇಬ್ಬರೇ. ಅಂಜಿನಮ್ಮ ರವಿಕೆಯ ಮೇಲಿನ ಎರಡು ಗುಂಡಿ ಬಿಚ್ಚಿ ಮುಖವನ್ನು ಗೋಡೆಯ ಕಡೆ ತಿರುಗಿಸಿ ಕೂತಳು. ಸ್ಪಿರಿಟ್ಟಿನಲ್ಲಿ ಒರೆಸಿ ಪಟ್ಟಿ ಅಂಟಿಸಿ, ಅದು ಹಿಡಿದುಕೊಳ್ಳಲೆಂದು ಅಂಗೈಯನ್ನು ಎರಡು ನಿಮಿಷ ಎದೆಯ ಮೇಲೆ ಒತ್ತಿ ಹಿಡಿಯಬೇಕು. ಕೈ ಕೆಳಗೆ ಆ ಹೆಂಗಸಿನ ಎದೆ ಬಡಿಯುತ್ತಿತ್ತು. ಎದೆಯೊಳಗೆ ಮೀನು ಒದ್ದಾಡಿದಂಗೆ ಆಯ್ತದೆ, ಯಾರೂ ನಂಬೋದಿಲ್ಲ ಎಂದು ಅಂಜಿನಮ್ಮ ಗೋಡೆಗೆ ಹೇಳಿದಳು. ಇದು ನಂಬುತ್ತೆ ಬಿಡಿ ಎಂದು ಸಂಘಮಿತ್ರ ಹೇಳಿದ್ದಳು. ನಾಳೆಯವರೆಗೂ ನೀರು ತಾಗಿಸಬೇಡಿ, ಸ್ನಾನ ಬೇಡ, ಪಕ್ಕದ ಬೀದಿಯಲ್ಲಿ ಇನ್ನೊಬ್ಬರನ್ನು ನೋಡಿಕೊಂಡು ಮೂರು ಗಂಟೆಗೆ ಬಂದು ಒಂದಷ್ಟು ಪ್ರಶ್ನೆ ಕೇಳುತ್ತೇನೆ ಎಂದು ಎದ್ದಳು.

ಮೂರು ಗಂಟೆಗೆ ಬಂದಾಗ ಅಂಜಿನಮ್ಮ ಅದೇ ಜಗಲಿಯ ಮೇಲೆ ತಲೆಗೂದಲು ಬಿಚ್ಚಿಕೊಂಡು ಕೂತಿದ್ದಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬೇರೆ ಸೀರೆ, ಬೇರೆ ರವಿಕೆ. ಪಟ್ಟಿ ಒಂದು ಅಂಚಿನಲ್ಲಿ ಮಾತ್ರ ಅಂಟಿಕೊಂಡು ಜೋತಾಡುತ್ತಿತ್ತು. ಸ್ನಾನ ಮಾಡಿದ್ರಾ ಎಂದು ಕೇಳಿದ್ದಕ್ಕೆ ಅಂಜಿನಮ್ಮ ತಲೆ ತಗ್ಗಿಸಿ, ಮೈ ತೊಳ್ಕೊಂಡೆ ಕಣವ್ವ ಎಂದಳು. ಮೈ ತೊಳೆದುಕೊಂಡಳು. ಎರಡು ನಿಮಿಷ ಎದೆಯ ಮೇಲೆ ಸಂಘಮಿತ್ರ ಇಟ್ಟ ಕೈಯ ಮೈಲಿಗೆಯನ್ನು ತೊಳೆದುಕೊಂಡಳು, ಅದೂ ತಲೆಗೆ ನೀರು ಹಾಕಿಕೊಂಡು. ಸಂಘಮಿತ್ರಳಿಗೆ ಕಿವಿಯೆಲ್ಲ ಬಿಸಿಯಾಗಿ ಎದುರಿನ ತುಳಸಿ ಗಿಡ ಕಾಣಿಸದಂತಾಯಿತು. ಪಟ್ಟಿಗೆ ಟೇಪು ಸುತ್ತಿ ಮತ್ತೆ ಅಂಟಿಸಿದಳು. ಅದರ ಹಸಿರು ದೀಪ ಹತ್ತಲಿಲ್ಲ, ಹತ್ತದಿದ್ದುದನ್ನು ನೋಡಿಯೂ ನೋಡದವಳಂತೆ ಎದ್ದಳು. ಅಂಜಿನಮ್ಮ ಬಾಯಿ ತೆರೆದು ಏನೋ ಹೇಳಲು ಹೋದಳು. ಸಂಘಮಿತ್ರ ಬಸ್ಸಿಗೆ ಹೊತ್ತಾಯಿತು ಎಂದಳು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ತಂಗುದಾಣದ ಕಲ್ಲು ಬೆಂಚಿನ ಮೇಲೆ ಕೂತು ಟ್ಯಾಬು ತೆರೆದು ಸೊನ್ನೆ, ಸೊನ್ನೆ, ಸೊನ್ನೆ ಎಂದು ಒಂಬತ್ತು ಸಲ ಬೆರಳೊತ್ತಿದಳು. ನಿಮಗೇನು ಕಡಿಮೆಯಾಗಿದೆ, ನಿಮಗೆಲ್ಲ ಸೊನ್ನೆ. ಆ ದಿನದಿಂದ ಮನಸ್ಸಿನಲ್ಲಿ ಆ ಹೆಂಗಸನ್ನು ಅವರು ಎಂಬುದರಿಂದ ಅವಳು ಎಂಬುದಕ್ಕೆ ಇಳಿಸಿಬಿಟ್ಟಿದ್ದಳು. ತನ್ನ ಕೈಲಾದದ್ದು ಅಷ್ಟೇ.

ಹದಿನಾಲ್ಕನೆಯ ದಿನ ಪಟ್ಟಿ ತರಲು ತಾನು ಹೋಗದೆ ಜೊತೆಗೆ ಕೆಲಸ ಮಾಡುವ ನಂದೀಶನನ್ನು ಕಳಿಸಿದ್ದಳು. ಜ್ವರ ಎಂದಿದ್ದಳು. ಬಸ್ಸು ವಿಶ್ವನಾಥಪುರ ದಾಟಿತು. ಮುಂದಿನ ಸೀಟಿನ ಮುದುಕ ಹೆಗಲ ಮೇಲೆ ತಲೆ ವಾಲಿಸಿ ಮಲಗಿದ್ದ; ಅವನ ಕತ್ತಿನಲ್ಲಿ ನರ ಹಾರುವುದನ್ನು ಎಣಿಸುತ್ತ ಕೂತಳು. ಈ ಕೆಲಸಕ್ಕೆ ಸೇರಿದ ಮೇಲೆ ಅಂಟಿದ ಚಾಳಿ ಇದು. ತನ್ನ ಎದೆಯನ್ನು ಮಾತ್ರ ಎಣಿಸುತ್ತಿರಲಿಲ್ಲ. ಪ್ರಶ್ನೆ ಕೇಳದೆ ತುಂಬುವುದು ಅವಳೊಬ್ಬಳ ಪಾಪವೇನಲ್ಲ. ತರಬೇತಿಯ ದಿನವೇ ನರಸಮ್ಮ ಎಂಬ ವಯಸ್ಸಾದ ಕಾರ್ಯಕರ್ತೆ ಎದ್ದು ನಿಂತು, ಆ ಒಂಬತ್ತನೆಯದನ್ನು ಮಾತ್ರ ನಾನು ಯಾರ ಮನೆಯಲ್ಲೂ ಕೇಳೋದಿಲ್ಲ ಎಂದು ಖಂಡಿತವಾಗಿ ಹೇಳಿದ್ದರು. ಬದುಕಿರುವುದಕ್ಕಿಂತ ಇಲ್ಲದಿರುವುದೇ ಮೇಲು ಅಂತ ಅನ್ನಿಸಿದೆಯೇ? ದೀಪ ಹಚ್ಚುವ ಮನೆಯಲ್ಲಿ ಇಂಥ ಮಾತು ಬಾಯಿಂದ ತೆಗೆದರೆ, ಅಸ್ತು ದೇವತೆಗಳು ಅಸ್ತು ಅಂದುಬಿಟ್ಟರೆ, ಹೊಣೆ ಯಾರು? ಎಲ್ಲರೂ ನಕ್ಕರು, ಮತ್ತೆ ಎಲ್ಲರೂ ಅದನ್ನೇ ಮಾಡಿದರು. ಎಂಟು ಕೇಳಿ ಒಂಬತ್ತನೆಯದಕ್ಕೆ ತಾವೇ ಸೊನ್ನೆ ಹಾಕುವುದು ತಾಲೂಕಿನಲ್ಲೆಲ್ಲ ರೂಢಿಯಾಗಿ ಹೋಗಿತ್ತು. ಸಂಘಮಿತ್ರ ಮಾತ್ರ ಪಟ್ಟು ಹಿಡಿದು ಕೇಳುತ್ತಿದ್ದವಳು. ಕೇಳಿದಾಗ ಜನ ನಗುತ್ತಿದ್ದರು, ಬೈಯುತ್ತಿದ್ದರು, ಒಬ್ಬಿಬ್ಬರು ಅತ್ತಿದ್ದರು. ಅಂಥವಳು ಅವತ್ತು ಒಂಬತ್ತನ್ನೂ ನುಂಗಿಬಿಟ್ಟಳು.

ಅಮ್ಮ ರುಕ್ಮಿಣಮ್ಮ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದಾಗ ಮಕ್ಕಳ ತೂಕದ ಪುಸ್ತಕವನ್ನು ಮನೆಗೆ ತಂದು, ಒಲೆಯ ಮುಂದೆ ಕೂತು ತುಂಬುತ್ತಿದ್ದಳು. ತಕ್ಕಡಿ ಕೆಟ್ಟು ವರ್ಷವಾಗಿತ್ತು. ತಿಂಗಳಿಗೆ ಇನ್ನೂರು ಗ್ರಾಂ ಸೇರಿಸು ಸಾಕು ಎಂದು ಟೀಚರು ಹೇಳಿದ್ದರಂತೆ. ಊರು ಬಿಟ್ಟು ಹೋದ ಒಂದು ಮಗುವೂ ಪುಸ್ತಕದಲ್ಲಿ ತಿಂಗಳಿಗೆ ಇನ್ನೂರು ಗ್ರಾಂ ಬೆಳೆಯುತ್ತಲೇ ಇತ್ತು. ಆಗ ಸಂಘಮಿತ್ರ ಏಳನೇ ಕ್ಲಾಸು. ಇದು ಸುಳ್ಳಲ್ಲವಾ ಎಂದು ಕೇಳಿದ್ದಳು. ಅಮ್ಮ ಅಡುಗೆ ಮಾಡಿದರೆ ತಿನ್ನಿಸುವುದಿಲ್ಲವೆಂದು ಮೂರು ಮನೆಯವರು ಮಕ್ಕಳನ್ನು ಕಳಿಸುತ್ತಿರಲಿಲ್ಲ, ಆ ಮೂರು ಮಕ್ಕಳನ್ನೂ ಅಮ್ಮ ಪುಸ್ತಕದಲ್ಲಿ ಚೆನ್ನಾಗಿ ದಪ್ಪ ಮಾಡಿಟ್ಟಿದ್ದಳು. ಬರೆದರೆ ಬೇಡ ಅನ್ನುವವರಿಲ್ಲ ಎಂದಿದ್ದಳು ನಗುತ್ತ. ಅಮ್ಮನದು ದಪ್ಪ ಮಾಡುವ ಸುಳ್ಳು. ತನ್ನದು ಯಾವ ಸುಳ್ಳು ಎಂದು ಯೋಚಿಸುವಷ್ಟರಲ್ಲಿ ಕಂಡಕ್ಟರು ಕ್ರಾಸು ಬಂತು ಎಂದು ಕೂಗಿದ.

ಕ್ರಾಸಿನಿಂದ ಊರಿಗೆ ಒಂದೂವರೆ ಮೈಲಿ. ದ್ರಾಕ್ಷಿ ತೋಟದ ಕಲ್ಲುಕಂಬಗಳ ಸಾಲು ಮುಗಿದ ಮೇಲೆ ಗುಲಾಬಿ ಬೆಳೆಯುವವರ ಪ್ಲಾಸ್ಟಿಕ್ ಮನೆಗಳು. ವಿಮಾನಗಳು ಇಲ್ಲಿ ಎಷ್ಟು ಕೆಳಗೆ ಬರುತ್ತವೆಂದರೆ ನೆರಳು ಬಂದು ಮೈಮೇಲೆ ಹಾದು ಹೋಗುತ್ತದೆ. ಹಾದಾಗಲೆಲ್ಲ ಸಂಘಮಿತ್ರಳಿಗೆ ಬೇಡವೆಂದರೂ ತಲೆ ತಗ್ಗುತ್ತಿತ್ತು. ಪೂರ್ತಿ ಮುಳುಗಿಸಿದ ಹಾಗಿದೆ ಎಂದರಲ್ಲ ಮೇಡಂ. ನಾಲ್ಕು ಚೊಂಬಲ್ಲ, ಒಂದು ಹಂಡೆ. ಒಂದು ಹಂಡೆಯಲ್ಲಿ ಹೋಯಿತೋ, ಎರಡು ಬೇಕಾಯಿತೋ. ಅರಿಶಿನವನ್ನೂ ಹಾಕಿಕೊಂಡಳೋ ಏನೋ. ಹೀಗೆ ಯೋಚಿಸಿದಾಗ ಒಂದು ಬಗೆಯ ಖುಷಿಯಾಗುತ್ತಿತ್ತು, ಹುಣ್ಣನ್ನು ಕೆರೆದುಕೊಂಡಾಗ ಆಗುವಂಥದು. ಆದರೆ ಆ ಐದು ಗುಂಡಿ ಒತ್ತುಗಳು ಈ ಲೆಕ್ಕದಲ್ಲಿ ಕೂರುತ್ತಿರಲಿಲ್ಲ. ಮುಟ್ಟಿದ್ದು ಹನ್ನೊಂದು ಹತ್ತಕ್ಕೆ. ಮೈಲಿಗೆಯಾಗಿದ್ದರೆ ಆಗಲೇ ಓಡಿಹೋಗಿ ನೀರು ಸುರಿದುಕೊಳ್ಳಬೇಕಿತ್ತು. ಎರಡು ಗಂಟೆ ಕಾದು, ಐದು ಸಲ ಒತ್ತಿ, ಒಂದು ಇಪ್ಪತ್ತಕ್ಕೆ ಯಾಕೆ? ಚಪ್ಪಲಿಯೊಳಗೆ ಕಲ್ಲು ಸೇರಿಕೊಂಡಿತ್ತು, ನಿಂತು ಕೊಡವಿದಳು.

ದಿವ್ಯ ಬಾಗಿಲಲ್ಲೇ ಸಿಕ್ಕಿದಳು. ಮಗಳ ಸ್ಕೂಲ್ ವ್ಯಾನು ಬರುವ ಹೊತ್ತು, ಕ್ರಾಸಿಗೆ ಹೊರಟಿದ್ದಳು. ಸೋಮವಾರ ಕರೆದುಕೊಂಡು ಬರಬೇಕು, ಕಾಯಿಲೆ ಇರುವುದು ನಿಜ ಎಂದು ಸಂಘಮಿತ್ರ ಹೇಳಿದಾಗ ದಿವ್ಯಳ ಕಿವಿಗೆ ಅದು ಪೂರ್ತಿ ಬೀಳಲಿಲ್ಲ. ಸ್ಕೂಟರಿನ ಸ್ಟ್ಯಾಂಡು ತೆಗೆಯುತ್ತ, ಹೋದ ಸಲದ ಪಟ್ಟಿ ಕೆಟ್ಟದ್ದಕ್ಕೆ ಬೇಜಾರು ಮಾಡ್ಕೋಬೇಡಿ ಎಂದಳು. ಆಮೇಲೆ ತಾನಾಗಿಯೇ ಹೇಳಿದಳು.

"ನೀವು ಬಂದ ದಿವ್ಸಾನೇ ಅತ್ತೆ ಹೊಂಡಕ್ಕೆ ಬಿದ್ಬಿಟ್ರು ಕಣ್ರೀ. ಮೋಟ್ರು ನೋಡಕ್ಕೆ ಹೋಗಿ ಕಾಲು ಜಾರ್ತಂತೆ. ಆ ಪ್ಲಾಸ್ಟಿಕ್ ಹಾಳೆ ಮೇಲೆ ಕಾಲಿಟ್ರೆ ಯಾರೂ ಮೇಲಕ್ಕೆ ಬರಕ್ಕಾಗಲ್ಲ, ಪುಣ್ಯಕ್ಕೆ ನಮ್ಮನೆಯವರು ಹಗ್ಗ ಕಟ್ಟಿದ್ರು. ನಂಗೆ ಹೇಳೇ ಇಲ್ಲ. ಸಾಯಂಕಾಲ ನಾನು ಹೋದಾಗ ಇವ್ರ ಚಪ್ಲಿ ದಡದ ಮೇಲೆ ಇತ್ತು, ಆಗ ಕೇಳಿದ್ದಕ್ಕೆ ಹೇಳಿದ್ರು."

ಚಪ್ಪಲಿ ಹೇಗಿತ್ತು ಎಂದು ಸಂಘಮಿತ್ರ ಕೇಳಿದಳು. ಕೇಳಿದ ಮೇಲೆ ಇದೆಂಥ ಪ್ರಶ್ನೆ ಎಂದು ತನಗೇ ಅನ್ನಿಸಿತು. ದಿವ್ಯಳಿಗೂ ಅನ್ನಿಸಿರಬೇಕು, ಒಂದು ಗಳಿಗೆ ನೋಡಿದಳು. ಹೇಗಿತ್ತು ಅಂದರೆ, ಎರಡೂ ಜೊತೆಗೆ, ಬಾಗಿಲಲ್ಲಿ ಬಿಡ್ತೀವಲ್ಲ ಹಾಗೆ ಎಂದು ಹೇಳಿ ಸ್ಕೂಟರು ಸ್ಟಾರ್ಟ್ ಮಾಡಿಕೊಂಡು ಹೋದಳು.

ಜಾರಿ ಬೀಳುವವರು ಚಪ್ಪಲಿ ಬಿಟ್ಟು ಜಾರುವುದಿಲ್ಲ. ಸಂಘಮಿತ್ರ ಅಂಗಳದಲ್ಲಿ ನಿಂತೇ ಇದ್ದಳು. ಹೊಂಡವೆಂದರೆ ಈ ಕಡೆ ಎಲ್ಲ ತೋಟದಲ್ಲೂ ಇರುವ ಕೃಷಿ ಹೊಂಡ, ನೆಲ ತೋಡಿ ಕರಿ ಪ್ಲಾಸ್ಟಿಕ್ ಹಾಸಿ ಬೋರಿನ ನೀರು ತುಂಬಿಡುವುದು. ಮನೆಯ ಹಿಂದೆ ನೂರು ಹೆಜ್ಜೆಯಲ್ಲಿ ಅದರ ಮುರುಕು ಬೇಲಿ ಕಾಣಿಸುತ್ತಿತ್ತು. ಒಂದು ಗಂಟೆ. ಮನೆಯಲ್ಲಿ ಯಾರೂ ಇಲ್ಲ. ಅಂಜಿನಮ್ಮನ ಎದೆಯೊಳಗೆ ಆ ಒದ್ದಾಟ ಶುರುವಾಗಿದೆ. ಹುಡುಗಿ ಹೇಳಿಕೊಟ್ಟ ಹಾಗೆ ಗುಂಡಿ ಒತ್ತಿದ್ದಾಳೆ. ಒತ್ತಿದರೆ ಏನೋ ಆಗುತ್ತದೆ, ಯಾರಿಗೋ ಗೊತ್ತಾಗುತ್ತದೆ, ಯಾರೋ ಬರುತ್ತಾರೆ ಎಂದುಕೊಂಡಿರಬೇಕು. ಗುಂಡಿ ಒತ್ತಿದರೆ ಯಾರೂ ಬರುವುದಿಲ್ಲ, ಅದು ಬರೀ ಗುರುತು ಹಾಕಿಕೊಳ್ಳುತ್ತದೆ ಎಂದು ಅವತ್ತು ಬಿಡಿಸಿ ಹೇಳಿದ್ದೆನೇ? ಹೇಳಿರಲಿಲ್ಲ. ಐದು ಸಲ ಒತ್ತಿ ಕಾದಿದ್ದಾಳೆ. ಆಗ ತಾನು ಪಕ್ಕದ ಬೀದಿಯಲ್ಲಿ ಆದಿನಾರಾಯಣಪ್ಪನವರ ಮನೆಯಲ್ಲಿ ಕೂತು, ಅವರ ಮೊಮ್ಮಗನ ಮದುವೆಯ ಫೋಟೋ ನೋಡುತ್ತಿದ್ದಳು. ಅಲ್ಲಿಂದ ಕೂಗಿದರೆ ಕೇಳಿಸುವಷ್ಟು ದೂರ. ಮೂರು ಗಂಟೆಗೆ ಬಂದು ಒದ್ದೆ ಕೂದಲು ನೋಡಿ ಕಿವಿ ಬಿಸಿ ಮಾಡಿಕೊಂಡು ಹೋದಳು. ನೀರಿನಿಂದ ಎದ್ದು ಬಂದು ಕೂತವಳ ಮುಂದೆ ನಿಂತು ತನ್ನ ಕೈಯ ಮೈಲಿಗೆಯನ್ನು ನೋಡಿದಳು. ಅವಮಾನ ಸುಳ್ಳಾಗಿರಲಿಲ್ಲ, ಕಾಗದದ ಲೋಟ ಸುಳ್ಳಾಗಿರಲಿಲ್ಲ, ಆದರೆ ಆ ನೀರು ಬೇರೆಯದಾಗಿತ್ತು. ನಾಚಿಕೆಯಿಂದ ಅವಳಿಗೆ ಅಳು ಬಂತು, ಅಳುವುದಕ್ಕೂ ನಾಚಿಕೆಯಾಯಿತು.

ಅಂಜಿನಮ್ಮ ಜಗಲಿಯ ಕಂಬಕ್ಕೆ ಒರಗಿ ಅವರೆಕಾಯಿ ಬಿಡಿಸುತ್ತಿದ್ದರು. ಹದಿನೈದು ದಿನಕ್ಕೆ ಮುಖ ಇಳಿದಿತ್ತು, ಆದರೆ ಕಣ್ಣು ಶಾಂತವಾಗಿತ್ತು. ಆ ಶಾಂತಿಯನ್ನು ಕಂಡು ಸಂಘಮಿತ್ರಳಿಗೆ ಒಳಗೊಳಗೇ ಹೆದರಿಕೆಯಾಯಿತು. ಬಾ ಮಗ ಎಂದರು. ಗೆರೆಯಲ್ಲಿ ಸಿಕ್ಕಿದೆ, ಗ್ಯಾಸಲ್ಲ, ಎದೆಯ ಬಡಿತವೇ ಹಾದಿ ತಪ್ಪುತ್ತಿದೆ, ಮಾತ್ರೆ ಇದೆ, ಸೋಮವಾರ ಬರಬೇಕು ಎಂದು ಸಂಘಮಿತ್ರ ಒಂದೇ ಉಸಿರಿನಲ್ಲಿ ಹೇಳಿದಳು. ಅವರು ಕೈಯಲ್ಲಿದ್ದ ಕಾಯನ್ನು ಬಿಡಿಸಿ ಮುಗಿಸಿದರು. ನಾಲ್ಕು ವರ್ಷದಿಂದ ಮಗ ನಕ್ಕಿದ್ದ, ಸೊಸೆ ನಕ್ಕಿದ್ದಳು, ಅಜ್ಜಿ ಎದೇಲಿ ಕಪ್ಪೆ ಕುಣೀತದೆ ಎಂದು ಮೊಮ್ಮಗಳು ಸ್ಕೂಲಿನಲ್ಲಿ ಹೇಳಿಬಂದಿದ್ದಳಂತೆ. ಎಲ್ಲವನ್ನೂ ಬೇರೆ ಯಾರದೋ ಸುದ್ದಿ ಹೇಳಿದಂತೆ ಹೇಳಿದರು. ಹಂಗಾದ್ರೆ ಇದ್ದದ್ದು ನಿಜವೇ ಎಂದರು. ಅದರಲ್ಲಿ ಸಂತೋಷವಿರಲಿಲ್ಲ. ತಡವಾಗಿ ಬಂದ ಬಸ್ಸನ್ನು ನೋಡಿದವರ ಹಾಗಿದ್ದರು.

ಹೊಸ ಪಟ್ಟಿ ಅಂಟಿಸಿ ಅಂಗೈ ಒತ್ತಿ ಹಿಡಿದಾಗ ಈ ಸಲ ಅಂಜಿನಮ್ಮ ಗೋಡೆಯ ಕಡೆ ತಿರುಗಲಿಲ್ಲ. ಮುಖಕ್ಕೆ ಮುಖ ಇಷ್ಟು ಹತ್ತಿರವಿದ್ದಾಗ ಕಣ್ಣನ್ನು ಎಲ್ಲಿಡಬೇಕೆಂದು ಸಂಘಮಿತ್ರಳಿಗೆ ತಿಳಿಯಲಿಲ್ಲ. ಕೈ ಕೆಳಗಿನ ಬಡಿತ ಎರಡು ಸಲ ಸರಿಯಾಗಿ ಬಂದು ಒಂದು ಸಲ ಎಡವುತ್ತಿತ್ತು. ಹಸಿರು ದೀಪ ಹತ್ತಿತು. ಅವತ್ತು ಹೊಂಡಕ್ಕೆ ಬಿದ್ರಂತೆ ಎಂದು ಸಂಘಮಿತ್ರ ಕೈ ತೆಗೆಯದೆಯೇ ಕೇಳಿದಳು. ಅವರು ಹೂಂ ಎಂದರು. ಆಮೇಲೆ, ಬಿದ್ದಿದ್ದಲ್ಲ ಎಂದರು, ಅವರೆಕಾಯಿಯ ಸಿಪ್ಪೆ ಕಾಲ ಬಳಿ ಚೆಲ್ಲಿದ್ದನ್ನು ನೋಡುತ್ತ.

"ಮೂರು ಗಂಟೆಗೆ ಬಂದು ಏನೋ ಕೇಳ್ತೀನಿ ಅಂದಿದ್ಯಲ್ಲವ್ವ. ನೀರೊಳಗಿದ್ದಾಗ ಅದು ಗ್ಯಾಪ್ಕ ಬಂತು. ಪಾಪ, ಹುಡುಗಿ ಬಿಸಿಲಲ್ಲಿ ಬಂದು ಕಾಯ್ಕೊಂಡು ಕೂತ್ಕೋತದೆ ಅಂತ ಹಗ್ಗ ಹಿಡ್ಕೊಂಡು ಮೇಲಕ್ಕೆ ಬಂದೆ. ನೀನು ಕೇಳ್ನೇ ಇಲ್ಲ."

ಬೈಯುವ ದನಿಯಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅದು ಬರೀ ಆದದ್ದನ್ನು ಹೇಳುವ ದನಿ. ಸಂಘಮಿತ್ರ ಕೈ ತೆಗೆದಳು, ರವಿಕೆಯ ಗುಂಡಿಯನ್ನು ತಾನೇ ಹಾಕಿದಳು. ನನ್ನ ತಪ್ಪಾಯಿತು ಎಂದಳು. ನಾನು ಬೇರೆ ಏನೋ ಅಂದುಕೊಂಡೆ ಎಂದಳು. ಏನಂದುಕೊಂಡೆ ಎಂದು ಅಂಜಿನಮ್ಮ ಕೇಳಲಿಲ್ಲ. ಕೇಳದಿದ್ದುದರಲ್ಲಿಯೇ ಅವರಿಗೆ ಗೊತ್ತಿದೆ ಎಂದೂ, ಗೊತ್ತಿದ್ದರೂ ಅದರ ಬಗ್ಗೆ ಅವರಲ್ಲಿ ಮಾತಿಲ್ಲವೆಂದೂ ಅವಳಿಗೆ ಅನ್ನಿಸಿತು. ಈಗ ಕೇಳ್ತೀನಿ ಎಂದು ಟ್ಯಾಬು ತೆಗೆದಳು.

ಮೊದಲನೆಯದರಿಂದಲೇ ಕೇಳಿದಳು. ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿದ್ದು ಎಷ್ಟು ದಿನ? ಇಲ್ಲ. ನಿದ್ದೆ ಬಾರದ್ದು? ಬರ್ತದೆ. ಊಟ ಸೇರದ್ದು? ಸೇರ್ತದೆ. ತನ್ನಿಂದ ಮನೆಯವರಿಗೆ ತೊಂದರೆ ಅನ್ನಿಸಿದ್ದು? ಇಲ್ಲ. ಅಂಜಿನಮ್ಮ ಮೊರದಲ್ಲಿನ ಕಾಳನ್ನು ಕೈಯಿಂದ ಸರಿಸುತ್ತ, ಪರೀಕ್ಷೆಗೆ ಓದಿಕೊಂಡು ಬಂದ ಹುಡುಗಿಯ ಹಾಗೆ ಒಂದೊಂದಕ್ಕೂ ತಡೆಯಿಲ್ಲದೆ ಉತ್ತರ ಹೇಳಿದರು. ಎಂಟೂ ಸೊನ್ನೆಯಾಯಿತು. ಒಂಬತ್ತನೆಯದನ್ನು ಸಂಘಮಿತ್ರ ಓದಲಿಲ್ಲ, ತಲೆಯೆತ್ತಿ ಕೇಳಿದಳು. ಅಂಜಿನಮ್ಮನ ಕೈ ನಿಂತಿತು.

"ಹೂಂ ಅಂದ್ರೆ ಏನ್ ಮಾಡ್ತೀರಿ?"

ಸುಳ್ಳು ಹೇಳುವುದು ಇನ್ನು ಬೇಡವೆನ್ನಿಸಿತು. ಡಾಕ್ಟರಿಗೆ ತಿಳಿಸಬೇಕು, ಅವರು ನಿಮ್ಮ ಮಗನಿಗೆ ಹೇಳುತ್ತಾರೆ ಎಂದಳು.

"ಹಂಗಾದ್ರೆ ಇಲ್ಲ ಅಂತ್ಲೇ ಬರ್ಕೋ ಮಗ. ಅವನಿಗೆ ಗೊತ್ತಾದ್ರೆ ಊರಿಗೆಲ್ಲ ಗೊತ್ತಾಯ್ತದೆ. ಹೊಂಡದ ಸುತ್ತ ತಂತಿ ಹಾಕಿಸ್ತಾನೆ, ನನ್ನ ಒಂದು ರೂಮಲ್ಲಿ ಕೂರಿಸ್ತಾನೆ. ಅಷ್ಟೆಯ."

ರೋಗಿ ಹೇಳಿದ್ದನ್ನು ಮಾತ್ರ ಬರೆಯತಕ್ಕದ್ದು, ಇದು ತರಬೇತಿಯ ಮೊದಲ ಪಾಠ. ಕೇಳದೆ ಹಾಕಿದ ಸೊನ್ನೆ ಸುಳ್ಳು ಎಂದರೆ, ಕೇಳಿ ಹಾಕುವ ಸೊನ್ನೆ ಇನ್ನೇನು? ಸೊನ್ನೆ ಒತ್ತಿ ಎದ್ದು ಹೋದರೆ ಹಳೆಯದಕ್ಕೂ ಹೊಸದಕ್ಕೂ ತಾಳೆಯಾಗುತ್ತದೆ, ಮೇಡಮ್ಮಿಗೆ ಸಂತೋಷವಾಗುತ್ತದೆ, ತನ್ನ ಕೆಲಸ ಉಳಿಯುತ್ತದೆ. ಈ ಹೆಂಗಸೂ ಅದನ್ನೇ ಕೇಳಿಕೊಳ್ಳುತ್ತಿದ್ದಾರೆ. ಇಷ್ಟು ಸಲೀಸಾಗಿ ಎಲ್ಲರಿಗೂ ಒಪ್ಪಿಗೆಯಾಗುವ ಸುಳ್ಳು ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಟ್ಯಾಬಿನ ಗಾಜಿನ ಮೇಲೆ ಬೆರಳಿನ ಬೆವರು ಹತ್ತಿತು. ಮೂರು ಎಂಬುದನ್ನು ಒತ್ತಿದಳು. ಒತ್ತಿದ್ದೇ ಪರದೆ ಕೆಂಪಾಗಿ, ವೈದ್ಯರಿಗೆ ತಿಳಿಸಲಾಗುತ್ತಿದೆ ಎಂಬ ಸಾಲು ಬಂತು. ಇಷ್ಟು ತಿಂಗಳಲ್ಲಿ ಆ ಸಾಲನ್ನು ಅವಳು ನೋಡಿದ್ದು ಮೂರನೆಯ ಸಲ.

ಐದು ನಿಮಿಷಕ್ಕೆ ಕೀರ್ತನ ಮೇಡಂ ಫೋನು ಮಾಡಿದರು. ಸಂಘಮಿತ್ರ ಅಂಜಿನಮ್ಮನ ಮುಂದೆಯೇ ಮಾತಾಡಿದಳು. ಮೊದಲಿನ ಒಂಬತ್ತನ್ನೂ ಕೇಳದೆ ನಾನೇ ಹಾಕಿದ್ದು ಮೇಡಂ, ಪಟ್ಟಿ ನೆಂದಿದ್ದು ಹೊಂಡದಲ್ಲಿ ಎಂದಳು. ಆ ಕಡೆಯಿಂದ ಮಗ್ಗಗಳ ಬಡಿತ ಕೇಳಿಸಿತು. ಆಮೇಲೆ ಮೇಡಂ, ಅದನ್ನ ಆಮೇಲೆ ನೋಡೋಣ, ಅವರ ಮಗನಿಗೆ ಫೋನ್ ಮಾಡ್ತೀನಿ, ಅವನು ಬರೋವರೆಗೂ ಒಬ್ಬರನ್ನೇ ಬಿಡಬೇಡ ಎಂದರು. ದನಿಯಲ್ಲಿ ಅಯ್ಯೋ ಪಾಪ ಇರಲಿಲ್ಲ. ಅದರ ಜಾಗದಲ್ಲಿದ್ದ ಅಪನಂಬಿಕೆಯನ್ನು ಸಂಘಮಿತ್ರ ಮುಂದೆ ಬಹಳ ದಿನ ನೆನೆಸಿಕೊಳ್ಳಬೇಕಾಗುತ್ತದೆ.

ಅಂಜಿನಮ್ಮ ಮೊರವನ್ನು ಪಕ್ಕಕ್ಕಿಟ್ಟರು. ಕೋಪವಿರಲಿಲ್ಲ. ಮೊದಲ ಸಲ ನೀನು ಕೇಳ್ಲಿಲ್ಲ, ಈ ಸಲ ಕೇಳಿ ನಾನು ಹೇಳಿದ್ದು ಬರ್ಕೊಳ್ಲಿಲ್ಲ ಎಂದರು. ಅವರು ಎದ್ದರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಮ್ಮೆ ಒದರ್ತಾ ಐತೆ, ಹುಲ್ಲು ಹಾಕ್ಬೇಕು ಎಂದು ಮನೆಯ ಪಕ್ಕದ ಓಣಿಯಲ್ಲಿ ಹಿತ್ತಲಿಗೆ ನಡೆದರು. ಎಮ್ಮೆ ಒದರಿದ್ದು ಸಂಘಮಿತ್ರಳಿಗೆ ಕೇಳಿಸಲಿಲ್ಲ. ನಾನೂ ಬರ್ತೀನಿ ಎಂದು ಚೀಲ ಬಿಟ್ಟು ಎದ್ದಳು. ಕೊಟ್ಟಿಗೆ ದಾಟಿತು. ಹುಲ್ಲಿನ ಮೆದೆ ದಾಟಿತು. ಅಂಜಿನಮ್ಮ ತಿರುಗಿ ನೋಡದೆ, ಅವಸರವಿಲ್ಲದೆ ನಡೆಯುತ್ತಿದ್ದರು. ಬೇಲಿಯ ಹತ್ತಿರ ನಿಂತು ಚಪ್ಪಲಿಯೊಳಗಿನ ಮಣ್ಣು ಕೊಡವಿದರು. ಮೇಲೆ ವಿಮಾನ ಹಾದು ಹೋಯಿತು.

"ಎಲ್ಲೀಗಂಟ ಹಿಂದೆ ಬತ್ತೀಯ?"

"ನಿಮ್ಮ ಮಗ ಬರೋವರೆಗೂ."

"ಅವನು ಬತ್ತಾನೆ. ಬೈತಾನೆ. ಉಂಡು ಮಲಗ್ತಾನೆ. ಬೆಳಿಗ್ಗೆ ಡ್ಯೂಟಿಗೆ ಹೋಗ್ತಾನಲ್ಲ, ಆಮೇಲೆ?"

ಸಂಘಮಿತ್ರ ಬಾಯಿ ತೆರೆದಳು. ಸೋಮವಾರ, ಮಾತ್ರೆ, ಡಾಕ್ಟರು, ಎಲ್ಲ ಮಾತೂ ನಾಲಿಗೆಯ ಮೇಲೆ ಬಂದು, ಒಂದೂ ಈ ಹೆಂಗಸಿನ ಮುಂದೆ ಹೇಳುವಂಥದಾಗಿ ಕಾಣಲಿಲ್ಲ. ಸೋಮವಾರಕ್ಕೆ ಇನ್ನೂ ಎರಡು ದಿನ; ದೇವರಾಜ್ ಡ್ಯೂಟಿಗೆ ಹೋಗಿ, ದಿವ್ಯ ಎಲ್ಲಿಗಾದರೂ ಹೊರಟರೆ ಈ ಮನೆಯಲ್ಲಿ ಯಾರೂ ಇರುವುದಿಲ್ಲ. ಹೊಂಡದ ನೀರು ಅಲುಗಾಡದೆ ನಿಂತಿತ್ತು, ಹಗ್ಗ ಒಂದು ಬದಿಯಲ್ಲಿ ಇಳಿಬಿದ್ದಿತ್ತು. ಅಂಜಿನಮ್ಮ ಉತ್ತರಕ್ಕೆ ಕಾಯದೆ ಬೇಲಿ ದಾಟಿ ದಡದ ಮೇಲೆ ಕೂತರು. ಸಂಘಮಿತ್ರ ಸುತ್ತಿ ಬಂದು ಅವರಿಗೂ ನೀರಿಗೂ ನಡುವೆ ನಿಂತಳು. ತನಗೂ ಈಜು ಬರುವುದಿಲ್ಲ ಎಂಬುದು ನಿಂತ ಮೇಲೆ ನೆನಪಾಯಿತು.